ಒಂದು ವಿಳಾಸ, ಒಂದು ಮತ

ಇಂಟರ್ನೆಟ್ ಮತ್ತೆ ಹೋಯಿತು. ಮೇಲಧಿಕಾರಿಗೆ ಲೆಕ್ಕ ಒಪ್ಪಿಸುತ್ತಿದ್ದ ಗಂಡ ಬಾಯಿ ತೆರೆದವನು ತೆರೆದ ಹಾಗೆಯೇ ಪರದೆಯ ಮೇಲೆ ಗೊಂಬೆಯಾಗಿ ನಿಂತುಬಿಟ್ಟ. ವಾರದಿಂದ ಇದೇ ಗೋಳು. ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ಕೈಕೊಡುವುದು, ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ವಾಪಸ್ ಬರುವುದು. ಅವನು ಕಂಪನಿಗೆ ಫೋನ್ ಮಾಡಿ ಹೊಟ್ಟೆಯಲ್ಲಿದ್ದ ಸಿಟ್ಟನ್ನೆಲ್ಲ ಕಾರಿಕೊಂಡ. ಇವತ್ತೂ ಯಾರನ್ನೂ ಕಳಿಸದಿದ್ದರೆ ಸಂಪರ್ಕವನ್ನೇ ಕಿತ್ತುಹಾಕಿಸುತ್ತೇನೆ ಎಂದ ಮೇಲೆ, ಮಧ್ಯಾಹ್ನದ ಹೊತ್ತಿಗೆ ರಿಪೇರಿಯವನು ಬಂದ.

ಹೆಂಡತಿಗೆ ಮಾತ್ರ ಆ ವಾರವಿಡೀ ಕಾಲು ನೆಲದ ಮೇಲಿರಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರನ್ನು ಸರದಿಯಲ್ಲಿ ಕೂರಿಸುವ ಕೆಲಸ ಅವಳದು. ಹಾಡು ಏನಿದ್ದರೂ ತುಟಿಯೊಳಗೆ. ಅಂಥವಳು ಅದೇನು ಧೈರ್ಯ ಬಂತೋ, ತಾನೇ ಕಟ್ಟಿದ ಒಂದು ಹಾಡನ್ನು ಬಟ್ಟೆಯ ಕಪಾಟಿನೊಳಗೆ ತಲೆ ತೂರಿಸಿ ಹಾಡಿ, ರೆಕಾರ್ಡ್ ಮಾಡಿ, ಇಂಟರ್ನೆಟ್ ರೇಡಿಯೊದ ಸ್ಪರ್ಧೆಗೆ ಕಳಿಸಿದ್ದಳು. ಕೇಳುಗರೇ ಮತ ಹಾಕಬೇಕು, ಒಂದು ವಿಳಾಸಕ್ಕೆ ಒಂದೇ ಮತ. ಗಂಡ ತನ್ನ ಫೋನಿನಿಂದ ಹಾಕಿದ. ಇವಳು ಹಾಕಲು ಹೋದರೆ, ಈ ವಿಳಾಸದಿಂದ ಆಗಲೇ ಮತ ಬಂದಿದೆ ಎಂದು ಪುಟ ಬಾಗಿಲು ಮುಚ್ಚಿಕೊಂಡಿತು. ಮನೆಯ ವಿಳಾಸ ಅವರಿಗೆ ಯಾರು ಕೊಟ್ಟರಪ್ಪ ಎಂದು ಅವಳಿಗೆ ಅಚ್ಚರಿಯಾಗಿತ್ತು. ಹೋಗಲಿ ಬಿಡು, ತನ್ನದೊಂದು ಮತ ಇಲ್ಲದಿದ್ದರೇನು? ಗುರುತಿಲ್ಲದವರ ಮತಗಳು ಒಂದೊಂದಾಗಿ ಬಂದು ಮೂವತ್ತು ದಾಟಿದ್ದವು. ಎಲ್ಲೋ ಕೂತ ಮೂವತ್ತು ಜನ ತನ್ನ ಹಾಡನ್ನು ಮೆಚ್ಚಿದ್ದಾರೆ ಎಂಬ ಹಿಗ್ಗಿಗೆ, ಕ್ಲಿನಿಕ್ಕಿನಲ್ಲಿ ಹಲ್ಲುನೋವಿನವರನ್ನೂ ನಗುನಗುತ್ತಾ ಕೂರಿಸುತ್ತಿದ್ದಳು.

ಸ್ಪರ್ಧೆಯ ವಿಷಯವನ್ನು ಊಟದ ಹೊತ್ತಿಗೆ ಮಾವನ ಕಿವಿಗೂ ಹಾಕಿದವನು ಗಂಡನೇ. ಮಾವ ಬಸ್ ಡಿಪೋದಲ್ಲಿ ಎಂಜಿನ್ನುಗಳ ಜೊತೆ ಆಯುಸ್ಸು ಸವೆಸಿ ನಿವೃತ್ತರಾದವರು. ಆ ಬಾಯಿಂದ ಹೊಗಳಿಕೆ ಉದುರಿದ್ದನ್ನು ಕಂಡವರಿಲ್ಲ. "ಹೂಂ" ಎಂದರು, ಉಪ್ಪು ಈ ಕಡೆ ಕೊಡಿ ಎಂದರು, ಅಷ್ಟೇ.

ರಿಪೇರಿಯವನು ವಯರು ಎಳೆದು ನೋಡಿದ, ಹೊರಗಿನ ಕಂಬದ ತನಕ ಹೋಗಿ ಬಂದ, ತನ್ನ ಫೋನಿನಲ್ಲಿ ಏನೋ ತೆಗೆದು ತಲೆ ಕೆರೆದುಕೊಂಡ.

"ಲೈನು ಗಟ್ಟಿಯಾಗಿದೆ ಸಾರ್. ಇದು ತಾನಾಗಿ ಹೋಗ್ತಿಲ್ಲ. ಮನೇಲೇ ಯಾರೋ ರೌಟರ್ ಸ್ವಿಚ್ ಆಫ್ ಮಾಡಿ ಆನ್ ಮಾಡ್ತಿದ್ದಾರೆ. ನೋಡಿ, ಆನ್ ಆದಾಗಲೆಲ್ಲ ನಿಮಗೆ ಹೊಸ ವಿಳಾಸ ಸಿಕ್ಕಿದೆ."

ಯಾವ ವಿಳಾಸ, ನಾವು ಮನೆಯನ್ನೇ ಬದಲಿಸಿಲ್ಲವಲ್ಲ ಎಂದು, ಕ್ಲಿನಿಕ್ಕಿನಿಂದ ಊಟಕ್ಕೆ ಬಂದಿದ್ದ ಅವಳು ಕೇಳಿದಳು. ಅವನು ನಕ್ಕು ಬಿಡಿಸಿ ಹೇಳಿದ. ಇದು ಬೀದಿಯ ವಿಳಾಸವಲ್ಲ, ಐಪಿ ವಿಳಾಸ, ಬರೀ ಅಂಕಿಗಳದ್ದು. ಮನೆಯೊಳಗೆ ಎಷ್ಟೇ ಫೋನಿರಲಿ, ರೌಟರ್ ಮೂಲಕ ಹೊರಗೆ ಹೋದರೆ ಎಲ್ಲಕ್ಕೂ ಅದೊಂದೇ. ಹೊರಗಿನವರಿಗೆ ಕಾಣುವುದು ಮನೆ, ಮನೆಯ ಮಂದಿಯಲ್ಲ. ಅದೂ ಕಾಯಂ ಅಲ್ಲ. ಕಂಪನಿ ತನ್ನ ಹತ್ತಿರ ಇರುವುದರಲ್ಲಿ ಒಂದನ್ನು ಬಳಸಲು ಕೊಟ್ಟಿರುತ್ತದೆ. ಇವರ ಸಂಪರ್ಕದಲ್ಲಿ ರೌಟರ್ ಆರಿಸಿ ಹಚ್ಚಿದರೆ ಬೇರೊಂದು ಸಿಗುತ್ತದೆ. "ಹೋದ ವಾರ ದಾರೀಲಿ ಸಿಕ್ಕಿ ನಿಮ್ಮನೆ ಹಿರೀ ಯಜಮಾನ್ರೂ ಇದನ್ನೇ ಕೇಳಿದ್ರು" ಎಂದು ಅವನು ಚೀಲ ಹೆಗಲಿಗೇರಿಸಿದ.

"ಅಪ್ಪಾ, ರೌಟರ್ ಮುಟ್ಟಿದ್ಯಾ?" ಗಂಡ ಅಲ್ಲಿಂದಲೇ ಕೂಗಿದ.

"ಬಿಸಿಯಾಗಿತ್ತು. ಸ್ವಲ್ಪ ಆರಲಿ ಅಂತ ಬಿಟ್ಟೆ" ಎಂದರು ಮಾವ ಒಳಕೋಣೆಯಿಂದ.

ಗಂಡ ಹಣೆ ಚಚ್ಚಿಕೊಂಡ. ಸ್ಪರ್ಧೆಯ ಪುಟ ಹೇಳಿದ್ದೂ ಇದೇ ವಿಳಾಸ ಎಂದು ಅವಳಿಗೆ ಹೊಳೆಯಿತು. ಇಂಟರ್ನೆಟ್ ಹೋಗಿ ಬಂದಾಗಲೆಲ್ಲ ಒಂದೊಂದು ಮತ ಏರಿದ್ದು ಈಗ ನೆನಪಾಯಿತು. ಎಲ್ಲೋ ಕೂತ ಮೂವತ್ತು ಜನ ಒಬ್ಬೊಬ್ಬರಾಗಿ ಎದ್ದು ಹೊರಟುಹೋದ ಹಾಗಾಯಿತು. ಅವಳು ನೇರವಾಗಿ ಒಳಕೋಣೆಗೆ ಹೋದಳು. ಮಾವ ಕಿಟಕಿಯ ಬಳಿ ಕೂತು, ಕೈಯಲ್ಲಿದ್ದ ಫೋನನ್ನು ಮೆಲ್ಲಗೆ ತೊಡೆಯ ಕೆಳಗೆ ಸರಿಸಿದರು.

"ಆ ಮತ ಎಲ್ಲಾ ನೀವೇ ಹಾಕಿದ್ದಾ ಮಾವ?"

ಮಾವ ಕಿಟಕಿಯಾಚೆ ನೋಡಿದರು. "ಎಲ್ಲಾ ನಾನಲ್ಲ. ನಾಲ್ಕೋ ಐದೋ ಬೇರೆಯವರದ್ದೂ ಇರ್ಬೇಕು."

ಅವಳಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು. ಸೆರಗಿನಿಂದ ಕಣ್ಣೊರೆಸಿಕೊಂಡು, ಇದು ಸರಿಯಲ್ಲ, ಉಳಿದವರಿಗೆ ಮೋಸ ಮಾಡಿದ ಹಾಗಾಗುತ್ತದೆ, ಇವತ್ತೇ ಹಾಡನ್ನು ಸ್ಪರ್ಧೆಯಿಂದ ತೆಗೆಸಿಬಿಡುತ್ತೇನೆ ಎಂದಳು. ಮಾವ ಬೇಡ ಎನ್ನಲಿಲ್ಲ. ತಪ್ಪಾಯಿತು ಎಂಬಂತೆ ತಲೆ ತಗ್ಗಿಸಿದರು. ಅವರಿಗೆ ಇನ್ನಷ್ಟು ನೋವಾಗದಿರಲಿ ಎಂದು ಅವಳು ಹೊರಟವಳು, ಬಾಗಿಲಲ್ಲಿ ತಡೆಯಲಾರದೆ ತಿರುಗಿದಳು.

"ಇಷ್ಟೊಂದು ಜನ ಕೇಳಿದ್ದಾರೆ ಅಂದ್ಕೊಂಡಿದ್ದೆ ಮಾವ. ಕಡೆಗೆ ಯಾರೂ ಕೇಳೇ ಇಲ್ಲ."

"ಯಾರು ಹೇಳಿದ್ದು?" ಮಾವನ ದನಿ ಗಡುಸಾಯಿತು. "ಹಾಡು ಪೂರ್ತಿ ಮುಗಿಯೋ ತನಕ ಆ ಮತದ ಗುಂಡಿ ಬರೋದೇ ಇಲ್ಲ. ಎರಡನೇ ಚರಣದಲ್ಲಿ ಉಸಿರು ತಗೊಳ್ಳೋಕೆ ಯಾಕಮ್ಮ ಅಷ್ಟು ಅವಸರ ಮಾಡ್ತೀಯ?"