ಡಬ್ಬದ ಕಣ್ಣು

ಶಾಲೆಯ ಮುಂದೆ ತಂಗಿಯ ಕಾಲಿನ ಮೇಲೆ ಲಾರಿ ಹರಿದಿತ್ತು. ಅಲ್ಲೊಂದು ಕ್ಯಾಮೆರಾ ಹಾಕಿ ಎಂದು ಠಾಣೆಗೆ ಅಲೆದು ಸಾಕಾದ ಅಕ್ಕ, ಎಣ್ಣೆ ಡಬ್ಬಕ್ಕೆ ಕಪ್ಪು ಬಣ್ಣ ಬಳಿದು, ಟಾರ್ಚಿನ ಗಾಜು ಅಂಟಿಸಿ, ತಾನೇ ಕಂಬಕ್ಕೆ ಕಟ್ಟಿದಳು. ವೇಗ ಹಿಡಿಯುವ ಕ್ಯಾಮೆರಾ ಎಂದು ಹೆದರಿ ಲಾರಿಗಳೆಲ್ಲ ಅಲ್ಲಿ ತೆವಳತೊಡಗಿದವು. ಊರುಗೋಲಿನ ತಂಗಿ ಒಬ್ಬಳೇ ರಸ್ತೆ ದಾಟುವಂತಾಯಿತು.

ಒಂದು ಬೆಳಿಗ್ಗೆ ಪೊಲೀಸ್ ಜೀಪು ಬಂತು.

“ಯಾರೇ ಇದನ್ನ ಕಟ್ಟಿದ್ದು?” ಸಾಹೇಬರು ಗದರಿದರು.

“ನಾನೇ ಸಾರ್. ನೀವು ಹಾಕ್ಲಿಲ್ವಲ್ಲ.”

“ಬಿಚ್ಚು ಈಗ್ಲೇ!”

“ಯಾಕ್ ಬಿಚ್ಲಿ?” ಅವಳು ಹಲ್ಲು ಕಚ್ಚಿ ಕೇಳಿದಳು. “ಕಟ್ಟಿದ್ಮೇಲೆ ಇಲ್ಲಿ ಒಂದು ನಾಯಿಗೂ ಏಟಾಗಿಲ್ಲ.”

“ನಿನ್ನ ಡಬ್ಬ ನೋಡಿ ಎಲ್ರೂ ನಿಧಾನ ಆಗ್ಬಿಡ್ತಾರೆ ಕಣೇ! ಮುಂದೆ ಮರದ ಮರೇಲಿಟ್ಟಿರೋ ನಮ್ಮ ಕ್ಯಾಮೆರಾಗೆ ದಂಡ ಹಾಕೋಕೆ ಒಬ್ಬನೂ ಸಿಗ್ತಿಲ್ಲ!”