ಕಳವಳ ಎಷ್ಟು, ಒಂದರಿಂದ ಐದು

ಬೆಂಟೆ ಅಂಕಿ ತಿದ್ದುತ್ತಿದ್ದಾಳೆ ಎಂಬುದು ಅಸ್ಗರ್‌ಗೆ ಅಲ್ಲಿಗೆ ಬಂದ ಮೂರನೆಯ ದಿನವೇ ಖಾತ್ರಿಯಾಯಿತು.

ಸಾಕ್ಷಿ ಧ್ವನಿಮುದ್ರಣದಲ್ಲೇ ಇತ್ತು. ತುರ್ತು ವೈದ್ಯಕೀಯ ಸಹಾಯವಾಣಿಗೆ ಫೋನ್ ಮಾಡಿದ ಪ್ರತಿಯೊಬ್ಬರನ್ನೂ ನರ್ಸುಗಳು ಒಂದು ಪ್ರಶ್ನೆ ಕೇಳಲೇಬೇಕು: ನಿಮಗೆ ಎಷ್ಟು ಕಳವಳವಾಗಿದೆ? ಒಂದು ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು, ಐದು ಅಂದರೆ ಜೀವವೇ ಬಾಯಿಗೆ ಬಂದಷ್ಟು. ಅವರು ಹೇಳಿದ ಅಂಕಿಯನ್ನು ಒತ್ತಿದರೆ ಮುಂದಿನದನ್ನು ಕಂಪ್ಯೂಟರು ನೋಡಿಕೊಳ್ಳುತ್ತದೆ. ನಾಲ್ಕು, ಐದಕ್ಕೆ ಆಂಬುಲೆನ್ಸು. ಒಂದು, ಎರಡಕ್ಕೆ ನಾಳೆ ಬೆಳಿಗ್ಗೆ ಊರಿನ ಡಾಕ್ಟರು. ರೋಗಿಯ ಕಳವಳವೇ ಅಪಾಯದ ಮೊದಲ ಸುಳಿವು ಎಂಬುದು ಅಸ್ಗರ್‌ನ ಸಂಶೋಧನೆ. ಕೋಪನ್‌ಹೇಗನ್ನಿನಲ್ಲಿ ಅದು ಲೆಕ್ಕ ತಪ್ಪದೆ ನಡೆದಿತ್ತು. ಇಲ್ಲಿ, ದೇಶದ ಇನ್ನೊಂದು ತುದಿಯಲ್ಲಿ, ಜಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ನಾಲ್ಕನೆಯ ಮೇಜಿನ ಬೆಂಟೆ ಅದನ್ನು ಕೆಡಿಸುತ್ತಿದ್ದಳು.

ಒಬ್ಬ ಮೀನುಗಾರ "ಒಂದು" ಎಂದಿದ್ದ. ಬೆಂಟೆ ಐದು ಒತ್ತಿದ್ದಳು.

"ಬೆರಳು ಸ್ವಲ್ಪ ಸಡಿಲ ಆಗಿದೆ ಅಂದ," ಎಂದಳು ಬೆಂಟೆ, ರೈ ಬ್ರೆಡ್ಡಿನ ಮೇಲೆ ಹೆರಿಂಗ್ ಮೀನಿನ ತುಂಡು ಜೋಡಿಸುತ್ತ. "ಎಲ್ಲಿದೆ ಅಂತ ಕೇಳಿದೆ. ಊಟದ ಡಬ್ಬೀಲಿದೆ ಅಂದ."

"ಮತ್ತೆ ಆ ಹೋರಿಯವರದ್ದು?"

"'ಹೋರಿ ಸ್ವಲ್ಪ ಒರಗಿತು' ಅಂದ್ರು. ಆರು ಪಕ್ಕೆಲುಬು ಮುರಿದಿತ್ತು."

"ಆದರೆ ಅವರು ಹೇಳಿದ್ದು ಒಂದು."

"ಇಲ್ಲಿ ಎಲ್ಲರೂ ಹೇಳೋದು ಒಂದೇ ಕಣಪ್ಪಾ. ಐದು ಅನ್ನೋಕೆ ನಾಚಿಕೆ. ಸತ್ತವರಿಗೆ ಬಾಯಿ ಬಂದರೂ 'ಒಂದೂವರೆ, ಅವಸರ ಏನಿಲ್ಲ' ಅಂತಾರೆ."

"ಹಾಗಂತ ನೀವು ಅಂದಾಜಿನ ಮೇಲೆ ಬರೆದರೆ ಅದು ಸಂಶೋಧನೆ ಆಗಲ್ಲ, ಬೆಂಟೆ."

"ಆಗದಿದ್ದರೆ ಬಿಡು. ಬೆರಳು ವಾಪಸ್ ಕೂತಿದೆಯಲ್ಲ."

ಅಸ್ಗರ್ ಕೆಟ್ಟವನಲ್ಲ. ಚೊಕ್ಕ ಅಂಕಿ ಕಂಡರೆ ಅವನಿಗೆ ಪ್ರೀತಿ, ಅಷ್ಟೆ. ಮೇಲಿನವರಿಗೆ ಬರೆದ. ಮಂಗಳವಾರ ಬೆಳಿಗ್ಗೆ ಉತ್ತರ ಬಂತು: ಎರಡು ವಾರ, ಕರೆ ಮಾಡಿದವರು ಹೇಳಿದ ಅಂಕಿಯನ್ನೇ ಒತ್ತಬೇಕು. ಮೂರಕ್ಕಿಂತ ಕಡಿಮೆ ಹೇಳಿದವರಿಗೆ, ಆಂಬುಲೆನ್ಸನ್ನು ನೇರವಾಗಿ ಕರೆಸುವ ಕೆಂಪು ಗುಂಡಿ ಮುಟ್ಟಬಾರದು. ಇನ್ನೊಮ್ಮೆ ತಪ್ಪಿದರೆ ಬೆಂಟೆಗೆ ಕೆಲಸವಿಲ್ಲ.

ಬೆಂಟೆ ಆ ಮೇಜಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಕಾಗದವನ್ನು ಎರಡು ಸಲ ಓದಿ, ಸಹಿ ಹಾಕಿ, "ಸರಿ" ಎಂದಳು. ಅಲ್ಲಿನ ಅಳತೆಯಲ್ಲಿ ಅದು ಎದೆ ಬಡಿದುಕೊಂಡು ಅತ್ತ ಹಾಗೆ.

ಅಸ್ಗರ್ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲೇ ಕೂತ. ಮೊದಲ ಕರೆ, ಜೇನುನೊಣದಿಂದ ಕಚ್ಚಿಸಿಕೊಂಡ ಪ್ರವಾಸಿ: ಐದು. ಎರಡನೆಯದು, ಹಾಲುಹಲ್ಲು ನುಂಗಿದ ಮಗುವಿನ ತಾಯಿ: ನಾಲ್ಕು. ಬೆಂಟೆ ಕೇಳಿದ್ದನ್ನೇ ಒತ್ತಿದಳು. ಎರಡೂ ಕಡೆಗೆ ಆಂಬುಲೆನ್ಸು ಹೋಯಿತು.

"ನೋಡಿ, ಎಷ್ಟು ಸಲೀಸು," ಎಂದ ಅಸ್ಗರ್.

"ಹೂಂ. ಎರಡೂ ಜೀವ ಉಳೀತು."

ಎರಡು ಗಂಟೆ ಹತ್ತು ನಿಮಿಷಕ್ಕೆ ಮೂರನೆಯದು ಬಂತು.

"ಸಹಾಯವಾಣಿ. ಬೆಂಟೆ ಮಾತಾಡ್ತಿರೋದು."

"ಓ," ಎಂದಿತು ವಯಸ್ಸಾದ ಗಂಡುದನಿ. "ಬೇರೆ ಯಾರೂ ಬಿಡುವಾಗಿಲ್ವಾ?"

ಇವಳ ಕೀರ್ತಿ ಊರೆಲ್ಲ ಹಬ್ಬಿದೆ ಎಂದುಕೊಂಡ ಅಸ್ಗರ್.

"ಇಲ್ಲ," ಎಂದಳು ಬೆಂಟೆ. "ಹೇಳಿ."

"ಎದೆ ಮೇಲೆ ಏನೋ ಕೂತ ಹಾಗಿದೆ. ದೊಡ್ಡದೇನಲ್ಲ."

"ಬೆವರು?"

"ಸೌದೆ ಒಡೀತಿದ್ದೆ."

"ಈಗಲೂ?"

"ನಿಲ್ಲಿಸಿ ಒಂದು ಗಂಟೆ ಆಯ್ತು."

"ಎಡಗೈ ಹೇಗಿದೆ?"

"ಇದೆ."

ಬೆಂಟೆಯ ಬೆರಳುಗಳು ಆಗಲೇ ಏನನ್ನೋ ಬರೆಯುತ್ತಿದ್ದವು. ದನಿ ಮಾತ್ರ ಹವಾಮಾನ ವರದಿ ಓದುವವರ ಹಾಗಿತ್ತು.

"ಹೆಂಡತಿಗೆ ಹೇಳಿದ್ರಾ?"

"ಇಲ್ಲ. ಕೆಲಸದಲ್ಲಿದ್ದಾಳೆ. ಈ ವಾರ ಅವಳಿಗೆ ಮೊದಲೇ ತಲೆಬಿಸಿ. ಗೊತ್ತಾಗೋದು ಬೇಡ ಅಂತಿದ್ದೆ."

"ಅದು ಇನ್ನು ಆಗೋ ಮಾತಲ್ಲ."

"ಬಯ್ತಾಳೆ?"

"ಆಮೇಲೆ. ಈಗ ಕುರ್ಚೀಲಿ ಕೂತ್ಕೊಳ್ಳಿ. ಹಿಂಬಾಗಿಲು ತೆಗೆದೇ ಇರಲಿ."

ಅಸ್ಗರ್ ಮೇಜಿನ ಮೇಲೆ ಬೆರಳಿನಿಂದ ಕುಟ್ಟಿ ನೆನಪಿಸಿದ. ಪ್ರಶ್ನೆ. ಬೆಂಟೆ ಅವನತ್ತ ತಿರುಗಲಿಲ್ಲ.

"ಒಂದರಿಂದ ಐದರವರೆಗೆ," ಎಂದಳು. "ಎಷ್ಟು ಕಳವಳ ಆಗಿದೆ?"

ಆ ಕಡೆ ಉಸಿರಾಟ ಕೇಳುತ್ತಿತ್ತು. ಕುರ್ಚಿ ಕಿರುಗುಟ್ಟಿತು.

"ಎರಡು," ಎಂದಿತು ದನಿ.

ಬೆಂಟೆ ಎರಡನ್ನೇ ಒತ್ತಿದಳು. ಕೈ ತಡವರಿಸಲಿಲ್ಲ, ಅಂಕಿ ತಿದ್ದಲಿಲ್ಲ. ಪರದೆಯ ಮೇಲೆ ಉತ್ತರ ಮೂಡಿತು: ನಾಳೆ ಬೆಳಿಗ್ಗೆ ಎಂಟೂ ನಲವತ್ತು, ಊರಿನ ಡಾಕ್ಟರು. ಅಸ್ಗರ್‌ಗೆ ಖುಷಿಯಾಯಿತು. ಕೊನೆಗೂ ನಾಲ್ಕನೆಯ ಮೇಜಿನಿಂದ, ಮೂರರ ಕೆಳಗಿನ ಒಂದು ಚೊಕ್ಕ ಅಂಕಿ. ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಂಡು ತಲೆಯೆತ್ತಿದ.

ಬೆಂಟೆ ಕೆಂಪು ಗುಂಡಿಯನ್ನು ಒತ್ತಿ ಹಿಡಿದಿದ್ದಳು. ಆಂಬುಲೆನ್ಸು ಹೊರಟದ್ದು ಖಚಿತವಾದ ಮೇಲೆಯೇ ಬಿಟ್ಟಳು. ಆಮೇಲೆ ಹೆಡ್‌ಫೋನ್ ತೆಗೆದಿಟ್ಟು ಕೋಟಿಗೆ ಕೈ ಚಾಚಿದಳು.

"ಎರಡು!" ಎಂದ ಅಸ್ಗರ್. "ಅವರು ಹೇಳಿದ್ದು ಬರೀ ಎರಡು! ಬೆಳಿಗ್ಗೆ ತಾನೇ ಸಹಿ ಹಾಕಿದ್ದೀರಿ, ಕೆಲಸ ಹೋಗುತ್ತೆ ಬೆಂಟೆ. ಹೆಸರು ಕೇಳಲಿಲ್ಲ, ವಿಳಾಸ ಕೇಳಲಿಲ್ಲ. ಎರಡಕ್ಕೆಲ್ಲ ಯಾರಾದರೂ ಹೀಗೆ ಓಡ್ತಾರಾ?"

ಬೆಂಟೆಗೆ ಕೋಟಿನ ಗುಂಡಿ ಸಿಗುತ್ತಿರಲಿಲ್ಲ.

"ಮದುವೆಯಾಗಿ ಮೂವತ್ತಾರು ವರ್ಷ ಆಯ್ತು ಮಾರಾಯ," ಎಂದಳು. "ಒಂದು ಬಿಟ್ಟು ಬೇರೆ ಅಂಕಿ ಅವರ ಬಾಯಲ್ಲಿ ಬಂದಿದ್ದು ಇವತ್ತೇ."