ಕೆರೆಯೋಣಿಯ ಕೈಗಳು

ಗುಡ್ಡದ ಮೇಲಿನವರ ಜ್ವರವನ್ನು ಕೆರೆಯೋಣಿಯವರು ತಮ್ಮ ಮೈಗೆ ಇಳಿಸಿಕೊಳ್ಳುವುದು ಆ ಊರಿನ ರೂಢಿ. ಸಣ್ಣಮ್ಮ ಆ ದಿನವೂ ಆಸ್ಪತ್ರೆಯಲ್ಲಿ ದೊಡ್ಡ ಮನೆಯ ಹುಡುಗನೊಬ್ಬನ ಜ್ವರ ಹೊತ್ತು, ಮೈ ಕೆಂಡವಾಗಿ ಮನೆಗೆ ಬಂದಳು. ಬಂದವಳೇ ಜ್ವರದಲ್ಲಿ ಮಲಗಿದ್ದ ಮಗಳು ಮಾದೇವಿಯ ಹಣೆ ಮುಟ್ಟಿದಳು. ಕೈಗೆ ತಣ್ಣಗೆನಿಸಿತು.

“ಅತ್ತೆಮ್ಮ, ಮಗೀಗೆ ಜ್ವರ ಬಿಟ್ಟದೆ. ನೀವೂ ನೋಡಿ.”

ಅತ್ತೆ ಬೆಳಿಗ್ಗೆಯೇ ವಕೀಲರೊಬ್ಬರ ಜ್ವರ ತಂದಿದ್ದರು. ಅವರೂ ಮುಟ್ಟಿದರು. “ಹೂಂ ಕಣೇ, ತಣ್ಣಗದೆ. ನನ್ನ ವಕೀಲಪ್ಪಂದೇ ಇನ್ನೂ ವಾದ ನಿಂತಿಲ್ಲ.”

“ಹಂಗಾರೆ ಡಾಕ್ಟ್ರತ್ರ ಹೋಗೋದು ಬ್ಯಾಡ್ವಾ?”

“ಬ್ಯಾಡ. ದೇವ್ರಿಗೆ ದೀಪ ಹಚ್ಚು.”

ಸಣ್ಣಮ್ಮ ದೀಪ ಹಚ್ಚಿ ಕೈಮುಗಿದಳು. ಮಗು ನೀರು ಕೇಳುವುದನ್ನೂ ಬಿಟ್ಟಿತ್ತು. ನೆರೆಯವರು ಒಬ್ಬೊಬ್ಬರಾಗಿ ಬಂದು ಹಣೆ ಮುಟ್ಟಿ, ದೇವರು ಕಣ್ಣುಬಿಟ್ಟ ಎಂದು ಹೋದರು. ಆ ಓಣಿಯಲ್ಲಿ ಜ್ವರವಿಲ್ಲದ ಕೈ ಒಂದೂ ಇರಲಿಲ್ಲ.